ಬೆಳಕಿನ ಸೆನ್ಸರ್ ಕೊಳ್ಳುವ ಮೊದಲು ಬ್ಯಾಂಡ್ ಗ್ಯಾಪ್ ನೋಡಿ: ಮಲೆನಾಡಿನ ಕೆಲಸಗಳಿಗೆ ಯಾವ ಅರೆವಾಹಕ?

ಶಿವಮೊಗ್ಗದ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾಗುವಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮೇಡಂ, ಬೆಳಕು ಅಳೆಯೋಕೆ ಯಾವ ಸೆನ್ಸರ್ ತರಿಸಲಿ?" ಒಬ್ಬರಿಗೆ ಅಡಿಕೆಯ ತೇವ ಅಳೆಯಬೇಕು. ಇನ್ನೊಬ್ಬರಿಗೆ ಆಗುಂಬೆ ಘಾಟಿಯಲ್ಲಿ ಮಂಜು ಎಷ್ಟು ದಟ್ಟವಾಗಿದೆ ಅಂತ ತಿಳಿಯಬೇಕು. ತೋಟದ ಮನೆಗಳಿಗೂ ಇಂಟರ್ನೆಟ್ ಫೈಬರ್ ಬಂದಿರುವುದರಿಂದ ಅದರೊಳಗಿನ ಬೆಳಕು ಅಳೆಯುವ ಪವರ್ ಮೀಟರ್ ಮಾಡುವ ಆಸೆ ಮತ್ತೊಬ್ಬರಿಗೆ. ಕೇಳುವ ಹೊತ್ತಿಗೆ ಕೈಯಲ್ಲಿ ಆಗಲೇ ಒಂದು ಬೆಲೆಪಟ್ಟಿ ಇರುತ್ತದೆ. ಅಗ್ಗದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭಕ್ಕೆ ಸಿಗುವುದು, ಯಾರೋ ವಿಡಿಯೋದಲ್ಲಿ ತೋರಿಸಿದ್ದು, ಹೀಗೆ ಆಯ್ಕೆ ಅರ್ಧ ಮುಗಿದೇ ಹೋಗಿರುತ್ತದೆ.

ನನ್ನ ಮಾತು ಇಷ್ಟೆ. ಬೆಲೆಗಿಂತ ಮೊದಲು ವಸ್ತುವಿನ ಬ್ಯಾಂಡ್ ಗ್ಯಾಪ್ ನೋಡಿ. ನೀವು ಹಿಡಿಯಬೇಕಾದ ಬೆಳಕಿನ ಒಂದು ಕಣದ, ಅಂದರೆ ಫೋಟಾನಿನ ಶಕ್ತಿಗಿಂತ ಆ ಗ್ಯಾಪ್ ಸಣ್ಣದಿರಬೇಕು. ಆದರೆ ತೀರಾ ಸಣ್ಣದಿರಬಾರದು. ಮೊದಲ ಅರ್ಧ ಎಲ್ಲರಿಗೂ ಗೊತ್ತು. ಎರಡನೆಯ ಅರ್ಧವನ್ನು ಮರೆತಾಗಲೇ ದುಡ್ಡು ಹೋಗುವುದು, ಅಳತೆಯೂ ಕೆಡುವುದು.

ಮೊದಲು ಒಂದು ಭಾಗಾಕಾರ

ಅರೆವಾಹಕದೊಳಗೆ ಎಲೆಕ್ಟ್ರಾನ್‌ಗಳು ಮನಸ್ಸಿಗೆ ಬಂದ ಶಕ್ತಿಯಲ್ಲಿ ಇರುವಂತಿಲ್ಲ. ಕೆಳಗೆ ವೇಲೆನ್ಸ್ ಬ್ಯಾಂಡ್, ಮೇಲೆ ಕಂಡಕ್ಷನ್ ಬ್ಯಾಂಡ್, ನಡುವೆ ಯಾರಿಗೂ ಜಾಗವಿಲ್ಲದ ಅಂತರ. ಆ ಅಂತರವೇ ಬ್ಯಾಂಡ್ ಗ್ಯಾಪ್. ಬೆಳಕಿನ ಒಂದು ಫೋಟಾನ್ ಬಂದು ಬಡಿದಾಗ ಅದರ ಶಕ್ತಿ ಈ ಅಂತರಕ್ಕಿಂತ ಜಾಸ್ತಿ ಇದ್ದರೆ ಎಲೆಕ್ಟ್ರಾನ್ ಮೇಲೆ ಹೋಗುತ್ತದೆ, ಕೆಳಗೆ ಒಂದು ಖಾಲಿ ಜಾಗ, ಅಂದರೆ ಹೋಲ್ ಉಳಿಯುತ್ತದೆ. ಎರಡೂ ಸೇರಿ ಕರೆಂಟ್ ಕೊಡುತ್ತವೆ. ಶಕ್ತಿ ಕಡಿಮೆ ಇದ್ದರೆ ಆ ಫೋಟಾನ್‌ಗೆ ಈ ವಸ್ತು ಗಾಜಿನ ಹಾಗೆ. ಸುಮ್ನೆ ದಾಟಿ ಹೋಗುತ್ತದೆ.

ಫೋಟಾನ್ ಶಕ್ತಿ ಕಂಡುಹಿಡಿಯುವುದು ಸುಲಭ. 1240 ಅನ್ನು ನ್ಯಾನೋಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿ. ಉತ್ತರ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಅಂದರೆ ಇವಿಯಲ್ಲಿ ಸಿಗುತ್ತದೆ. 550 ನ್ಯಾನೋಮೀಟರ್‌ನ ಹಸಿರಿಗೆ 2.25 ಇವಿ. ಟಿವಿ ರಿಮೋಟಿನ 940ಕ್ಕೆ 1.32. ಫೈಬರ್‌ನ 1550ಕ್ಕೆ 0.80. ಮನುಷ್ಯನ ಮೈಶಾಖ ಅತಿ ಹೆಚ್ಚು ಹೊಮ್ಮುವುದು 9500ರ ಸುತ್ತ, ಅದಕ್ಕೆ ಬರೀ 0.13. ಇದನ್ನೇ ತಿರುಗಿಸಿ 1240 ಅನ್ನು ಗ್ಯಾಪ್‌ನಿಂದ ಭಾಗಿಸಿದರೆ ಆ ವಸ್ತು ಎಲ್ಲಿಯವರೆಗೆ ನೋಡಬಲ್ಲದು ಅಂತ ಗೊತ್ತಾಗುತ್ತದೆ. ಸಿಲಿಕಾನ್‌ನ ಗ್ಯಾಪ್ 1.12 ಇವಿ. ಹಾಗಾಗಿ ಅದರ ಗಡಿ ಸುಮಾರು 1100 ನ್ಯಾನೋಮೀಟರ್. ಗ್ಯಾಲಿಯಂ ಆರ್ಸೆನೈಡ್‌ಗೆ 1.42 ಇವಿ, ಗಡಿ 870ರ ಹತ್ತಿರ.

ಫೋಟಾನ್ ಶಕ್ತಿ ಗ್ಯಾಪ್‌ಗಿಂತ ಎಷ್ಟೇ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಸಿಗುವುದು ಒಂದೇ ಎಲೆಕ್ಟ್ರಾನ್. ಮಿಕ್ಕಿದ್ದು ಶಾಖವಾಗಿ ಕಳೆದುಹೋಗುತ್ತದೆ. ಆದ್ದರಿಂದ ಒಂದೇ ವಾಟ್ ಬೆಳಕು ಬಿದ್ದರೂ ನೀಲಿಯಲ್ಲಿ ಕಡಿಮೆ ಕರೆಂಟ್, ಕೆಂಪಾಚೆ ಹೋದಂತೆ ಜಾಸ್ತಿ ಕರೆಂಟ್. ಎಲ್ಲ ಫೋಟಾನೂ ಲೆಕ್ಕಕ್ಕೆ ಬಂದರೆ 450 ನ್ಯಾನೋಮೀಟರ್‌ನಲ್ಲಿ ವಾಟ್‌ಗೆ 0.36 ಆಂಪಿಯರ್, 850ರಲ್ಲಿ 0.69 ಆಂಪಿಯರ್. "ನೀಲಿಗೆ ಸೆನ್ಸರ್ ಸರಿಯಾಗಿ ಕೆಲಸ ಮಾಡ್ತಿಲ್ಲ" ಅಂತ ದೂರುವ ಮೊದಲು ಈ ಲೆಕ್ಕ ನೋಡಿ.

ಗ್ಯಾಪ್ ಸಣ್ಣದಾದಷ್ಟೂ ಒಳ್ಳೆಯದಲ್ವಾ?

ಕ್ಲಾಸಿನಲ್ಲಿ ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಣ್ಣ ಗ್ಯಾಪ್ ಇದ್ದರೆ ಎಲ್ಲ ಬೆಳಕನ್ನೂ ಹಿಡಿಯಬಹುದಲ್ವಾ, ಹಾಗಿದ್ದರೆ ಎಲ್ಲರೂ ಅದನ್ನೇ ಯಾಕೆ ಬಳಸಬಾರದು?

ಯಾಕೆಂದರೆ ಎಲೆಕ್ಟ್ರಾನನ್ನು ಮೇಲೆ ಕಳಿಸುವುದು ಬೆಳಕೊಂದೇ ಅಲ್ಲ. ಶಾಖವೂ ಕಳಿಸುತ್ತದೆ. ಕೋಣೆಯ ಸಾಮಾನ್ಯ ಬಿಸಿಯಲ್ಲಿ ಆ ಶಾಖದ ಅಳತೆ 0.026 ಇವಿ ಮಾತ್ರ. ಆದರೆ ಕೋಟ್ಯಂತರ ಪರಮಾಣುಗಳ ನಡುವೆ ಕೆಲವು ಎಲೆಕ್ಟ್ರಾನ್‌ಗಳಿಗೆ ಅದೃಷ್ಟವಶಾತ್ ಜಾಸ್ತಿ ಶಕ್ತಿ ಸಿಕ್ಕಿಬಿಡುತ್ತದೆ. ಗ್ಯಾಪ್ ಸಣ್ಣದಾದಂತೆ ಇಂಥವರ ಸಂಖ್ಯೆ ಏರುವ ರೀತಿ ಗಾಬರಿ ಹುಟ್ಟಿಸುತ್ತದೆ. ಶುದ್ಧ ಗ್ಯಾಲಿಯಂ ಆರ್ಸೆನೈಡ್‌ನ ಒಂದು ಘನ ಸೆಂಟಿಮೀಟರ್‌ನಲ್ಲಿ ಹೀಗೆ ಮೇಲಿರುವ ಎಲೆಕ್ಟ್ರಾನ್‌ಗಳು ಸುಮಾರು 20 ಲಕ್ಷ. ಸಿಲಿಕಾನ್‌ನಲ್ಲಿ ಸುಮಾರು ಸಾವಿರ ಕೋಟಿ. 0.66 ಇವಿ ಗ್ಯಾಪ್‌ನ ಜರ್ಮೇನಿಯಂನಲ್ಲಿ 20 ಲಕ್ಷ ಕೋಟಿಯನ್ನೂ ದಾಟುತ್ತದೆ. ಬೆಳಕೇ ಇಲ್ಲದಾಗಲೂ ಡಯೋಡಿನಲ್ಲಿ ಹರಿಯುವ ಕರೆಂಟ್ ಇದರಿಂದ ಹುಟ್ಟುತ್ತದೆ. ಅದಕ್ಕೆ ಡಾರ್ಕ್ ಕರೆಂಟ್ ಅನ್ನುತ್ತೇವೆ. ಅದರ ಜೊತೆಗೇ ಗದ್ದಲವೂ ಬರುತ್ತದೆ. ಮಂದ ಬೆಳಕಿನ ಸಣ್ಣ ಸಿಗ್ನಲ್ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಬಿಸಿಲು ಇದನ್ನು ಇನ್ನೂ ಕೆಡಿಸುತ್ತದೆ. ಸಿಲಿಕಾನ್ ಡಯೋಡಿನ ಡಾರ್ಕ್ ಕರೆಂಟ್ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲಿಗೆ ಇಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಒಳಗೆ 55 ಡಿಗ್ರಿ ಆಗುವುದು ದೊಡ್ಡ ವಿಷಯವಲ್ಲ. 25 ಡಿಗ್ರಿಯಲ್ಲಿ ಇದ್ದದ್ದು ಅಲ್ಲಿ 8 ಪಟ್ಟು. ಸಿಲಿಕಾನ್ ನ್ಯಾನೋ ಆಂಪಿಯರ್‌ಗಳಲ್ಲಿ ಶುರುವಾಗುವುದರಿಂದ ತಡೆದುಕೊಳ್ಳುತ್ತದೆ. ಮೈಕ್ರೋ ಆಂಪಿಯರ್‌ನಲ್ಲಿ ಶುರುವಾಗುವ ಜರ್ಮೇನಿಯಂ ಕಷ್ಟ. ಆದ್ದರಿಂದ ಬೇಕಾದ್ದಕ್ಕಿಂತ ಸಣ್ಣ ಗ್ಯಾಪನ್ನು ಕೊಳ್ಳಬೇಡಿ ಅಂತ ನಾನು ಪಟ್ಟುಹಿಡಿದು ಹೇಳುತ್ತೇನೆ.

ನೇರ ಗ್ಯಾಪ್, ಓರೆ ಗ್ಯಾಪ್

ಗ್ಯಾಪ್ ಎಷ್ಟು ಅನ್ನುವುದು ಒಂದು ಸಂಖ್ಯೆ. ಬ್ಯಾಂಡ್‌ಗಳ ಆಕಾರ ಅದಕ್ಕಿಂತ ದೊಡ್ಡ ಕಥೆ. ಪಠ್ಯದಲ್ಲಿ ಇ-ಕೆ ಚಿತ್ರ ನೋಡಿರುತ್ತೀರಿ: ಮೇಲಕ್ಕೆ ಶಕ್ತಿ, ಅಡ್ಡಕ್ಕೆ ಎಲೆಕ್ಟ್ರಾನಿನ ಸ್ಫಟಿಕ ಸಂವೇಗ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ವೇಲೆನ್ಸ್ ಬ್ಯಾಂಡಿನ ತುದಿಗೆ ಸರಿಯಾಗಿ ಮೇಲೆಯೇ ಕಂಡಕ್ಷನ್ ಬ್ಯಾಂಡಿನ ತಳ ಇದೆ. ಇದು ಡೈರೆಕ್ಟ್ ಗ್ಯಾಪ್. ಸಿಲಿಕಾನ್‌ನಲ್ಲಿ ಆ ತಳ ಪಕ್ಕಕ್ಕೆ ಸರಿದಿದೆ, ಚಿತ್ರದ ನಡುವಿನಿಂದ ಅಂಚಿನ ಎಕ್ಸ್ ಬಿಂದುವಿನ ಕಡೆಗೆ ಸುಮಾರು 85 ಶೇಕಡಾ ದೂರದಲ್ಲಿ. ಇದು ಇನ್‌ಡೈರೆಕ್ಟ್ ಗ್ಯಾಪ್.

ನಮ್ಮ ಕಡೆಯ ಹಳೆ ಮನೆಯ ಅಟ್ಟ ನೆನಪು ಮಾಡಿಕೊಳ್ಳಿ. ಅಟ್ಟದ ಬಾಯಿ ನಿಂತ ಜಾಗದ ನೇರ ಮೇಲಿದ್ದರೆ ಏಣಿ ಇಟ್ಟರಾಯಿತು. ಬಾಯಿ ಪಕ್ಕದ ಕೋಣೆಯ ಮೇಲಿದ್ದರೆ ಏಣಿ ಸಾಲದು, ಮೇಲಿಂದ ಯಾರಾದರೂ ಕೈಹಿಡಿದು ಪಕ್ಕಕ್ಕೆ ಎಳೆದುಕೊಳ್ಳಬೇಕು. ಫೋಟಾನ್ ಬರೀ ಏಣಿ. ಅದರ ಬಳಿ ಶಕ್ತಿ ಬೇಕಾದಷ್ಟಿದೆ, ಸಂವೇಗ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕಕ್ಕೆ ಎಳೆಯುವ ಕೆಲಸ ಸ್ಫಟಿಕದ ಕಂಪನದ್ದು, ಅಂದರೆ ಫೋನಾನ್‌ನದ್ದು. ಫೋಟಾನ್ ಮತ್ತು ಫೋನಾನ್ ಎರಡೂ ಒಟ್ಟಿಗೆ ಒದಗಬೇಕು. ಅದು ಅಪರೂಪ. ಅದಕ್ಕೇ ಇನ್‌ಡೈರೆಕ್ಟ್ ವಸ್ತು ತನ್ನ ಗಡಿಯ ಹತ್ತಿರದ ಬೆಳಕನ್ನು ನಿಧಾನಕ್ಕೆ, ಬಹಳ ಆಳಕ್ಕೆ ಇಳಿಸಿಕೊಂಡು ಹೀರುತ್ತದೆ.

ಎಷ್ಟು ಆಳ? ಬೆಳಕು 37 ಶೇಕಡಾಕ್ಕೆ ಇಳಿಯಲು ಸಿಲಿಕಾನ್‌ನಲ್ಲಿ 450 ನ್ಯಾನೋಮೀಟರ್‌ಗೆ ಅರ್ಧ ಮೈಕ್ರಾನ್ ಕೂಡ ಬೇಡ. 650ಕ್ಕೆ ಮೂರೂವರೆ ಮೈಕ್ರಾನ್. 850ಕ್ಕೆ ಸುಮಾರು 19. 940ಕ್ಕೆ 55ರ ಆಸುಪಾಸು. 1064ಕ್ಕೆ ಹತ್ತಿರಹತ್ತಿರ ಒಂದು ಮಿಲಿಮೀಟರ್! ಗ್ಯಾಲಿಯಂ ಆರ್ಸೆನೈಡ್ ಅದೇ 850ನ್ನು ಒಂದು ಮೈಕ್ರಾನ್‌ನಲ್ಲಿ ನುಂಗುತ್ತದೆ. ಆದ್ದರಿಂದ ಸಿಲಿಕಾನ್ 1100ರವರೆಗೆ ನೋಡುತ್ತದೆ ಅನ್ನುವ ಮಾತು ಕಾಗದದ ಮೇಲೆ ಸರಿ. ಕೆಲಸಕ್ಕೆ 1000ದವರೆಗೆ ಅಂತ ಇಟ್ಟುಕೊಳ್ಳಿ.

ಪುಸ್ತಕ ಓದಿದ ಮಕ್ಕಳಲ್ಲಿ "ಡೈರೆಕ್ಟ್ ಒಳ್ಳೆಯದು, ಇನ್‌ಡೈರೆಕ್ಟ್ ಕೆಟ್ಟದ್ದು" ಅನ್ನುವ ಭಾವನೆ ಗಟ್ಟಿಯಾಗಿ ಕೂತಿರುತ್ತದೆ. ಅದು ಎಲ್‌ಇಡಿ ಪಾಠದಿಂದ ಬಂದದ್ದು. ಬೆಳಕು ಕೊಡುವ ಸಾಧನಕ್ಕೆ ಅದು ನಿಜ. ಬೆಳಕು ಹಿಡಿಯುವ ಸಾಧನಕ್ಕೆ ಅಲ್ಲ. ಪದರ ಸ್ವಲ್ಪ ದಪ್ಪ ಮಾಡಿದರೆ ಸಿಲಿಕಾನ್ ಚೆನ್ನಾಗಿಯೇ ಹಿಡಿಯುತ್ತದೆ. ಪಿನ್ ಡಯೋಡಿನ ನಡುವಿನ ಅಗಲ ಪದರ ಇರುವುದೇ ಅದಕ್ಕೆ. ಮೇಲಾಗಿ ಇನ್‌ಡೈರೆಕ್ಟ್ ಆಗಿರುವುದರಿಂದ ಎಲೆಕ್ಟ್ರಾನ್ ಮತ್ತು ಹೋಲ್ ಬೇಗ ಕೂಡಿ ಮಾಯವಾಗುವುದಿಲ್ಲ. ಸಂಗ್ರಹಿಸಲು ಸಮಯ ಸಿಗುತ್ತದೆ. ತೀರಾ ವೇಗ ಬೇಕಾದಾಗ ಮಾತ್ರ ದಪ್ಪ ಪದರ ತೊಂದರೆ ಕೊಡುತ್ತದೆ, ದಾಟಲು ಹೊತ್ತು ಹಿಡಿಯುವುದರಿಂದ. ಡೇಟಾ ಸೆಂಟರ್‌ಗಳ 850 ನ್ಯಾನೋಮೀಟರ್ ಲಿಂಕ್‌ಗಳಲ್ಲಿ ಗ್ಯಾಲಿಯಂ ಆರ್ಸೆನೈಡ್ ಬಳಸುವುದು ಆ ಕಾರಣಕ್ಕೆ. ನಮ್ಮ ತೋಟದ ಕೆಲಸಕ್ಕೆ ಆ ವೇಗ ಬೇಕಿಲ್ಲ.

ಎಲ್‌ಡಿಆರ್ ಎಲ್ಲಿ ಸಾಕು

ಎಲ್ಲರ ಕೈಗೂ ಮೊದಲು ಸಿಗುವುದು ಎಲ್‌ಡಿಆರ್, ಅಂದರೆ ಬೆಳಕು ಬಿದ್ದಂತೆ ರೋಧ ಇಳಿಯುವ ಭಾಗ. ಒಳಗಿರುವುದು ಕ್ಯಾಡ್ಮಿಯಂ ಸಲ್ಫೈಡ್, ಗ್ಯಾಪ್ 2.42 ಇವಿ. ಲೆಕ್ಕದ ಗಡಿ 512 ನ್ಯಾನೋಮೀಟರ್. ಗ್ಯಾಪ್‌ನ ಒಳಗೆ ಬೆರಕೆಯಿಂದ ಹುಟ್ಟಿದ ಮಟ್ಟಗಳೂ ಇರುವುದರಿಂದ ಸ್ವಲ್ಪ ಆಚೆಗೂ ನೋಡುತ್ತದೆ. ಸಾಮಾನ್ಯವಾಗಿ ಸಿಗುವವುಗಳ ಶಿಖರ 540ರ ಹತ್ತಿರ. ನಮ್ಮ ಕಣ್ಣಿನ ಶಿಖರ 555. ಎರಡೂ ಹತ್ತಿರ ಇರುವುದರಿಂದ ಬೀದಿದೀಪ ಹೊತ್ತಿಸಿ ಆರಿಸುವ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಆದರೆ ಇದು ನಿಧಾನ. ಹೋಲ್‌ಗಳು ಆ ನಡುಮಟ್ಟಗಳಲ್ಲಿ ಸಿಕ್ಕಿಬೀಳುತ್ತವೆ. ಅವು ಬಿಡುಗಡೆಯಾಗುವವರೆಗೆ ಎಲೆಕ್ಟ್ರಾನ್‌ಗಳು ಮತ್ತೆಮತ್ತೆ ಸುತ್ತುತ್ತಲೇ ಇರುತ್ತವೆ. ಒಂದು ಫೋಟಾನ್‌ಗೆ ಬಹಳಷ್ಟು ಎಲೆಕ್ಟ್ರಾನ್‌ಗಳ ಕರೆಂಟ್ ಸಿಗುವುದೂ ಅದರಿಂದಲೇ, ಬೆಳಕು ಆರಿದ ಮೇಲೆ ಹತ್ತಾರು ಮಿಲಿಸೆಕೆಂಡ್ ಎಳೆಯುವುದೂ ಅದರಿಂದಲೇ. ಜೊತೆಗೆ ಹಿಂದೆ ಕಂಡ ಬೆಳಕಿನ ನೆನಪು ಉಳಿಸಿಕೊಳ್ಳುತ್ತದೆ. ಕತ್ತಲಲ್ಲಿಟ್ಟು ತೆಗೆದ ಎಲ್‌ಡಿಆರ್ ಒಂದು ಓದು ಕೊಡುತ್ತದೆ, ಬಿಸಿಲಲ್ಲಿಟ್ಟು ತೆಗೆದದ್ದು ಇನ್ನೊಂದು. ಹೌದು ಅಥವಾ ಇಲ್ಲ ಅನ್ನುವ ಉತ್ತರ ಸಾಕಾದರೆ ಬಳಸಿ. ಸಂಖ್ಯೆ ಬೇಕಾದರೆ ಬೇಡ. ಕೆಟ್ಟುಹೋದದ್ದನ್ನು ತೋಟದ ಕಪ್ಪಿಗೆ (ಕಾಲುವೆಗೆ) ಎಸೆಯಬೇಡಿ, ಕ್ಯಾಡ್ಮಿಯಂ ವಿಷ.

ಸಿಲಿಕಾನ್: ಮುಕ್ಕಾಲು ಪಾಲು ಕೆಲಸಕ್ಕೆ ಇದೇ

ಮಲೆನಾಡಿನಲ್ಲಿ ನಾನು ಕಂಡ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಸಿಲಿಕಾನ್ ಫೋಟೋಡಯೋಡ್ ಸಾಕು. ಬಿಪಿಡಬ್ಲ್ಯೂ34 ಅನ್ನುವ ಹಳೆಯ, ನಂಬಿಕಸ್ಥ ಭಾಗ ಸುಲಭಕ್ಕೆ ಸಿಗುತ್ತದೆ. 430ರಿಂದ 1100ರವರೆಗೆ ನೋಡುತ್ತದೆ, ಶಿಖರ 900ರ ಹತ್ತಿರ, ಡಾರ್ಕ್ ಕರೆಂಟ್ ಕೆಲವೇ ನ್ಯಾನೋ ಆಂಪಿಯರ್. ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಒಳಗೂ ಸಿಲಿಕಾನೇ ಇರುತ್ತದೆ. 660ರ ಕೆಂಪು ಮತ್ತು 940ರ ಅವಕೆಂಪು (ಇನ್‌ಫ್ರಾರೆಡ್) ಎರಡನ್ನೂ ಒಂದೇ ಡಯೋಡ್ ಹಿಡಿಯಬಲ್ಲದು ಅನ್ನುವುದೇ ಅದರ ಅನುಕೂಲ.

ಆಗುಂಬೆಯ ಮಂಜಿನ ವಿಷಯಕ್ಕೆ ಬರೋಣ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆಯ ಊರು ಅದು. ಘಾಟಿಯ ತಿರುವುಗಳಲ್ಲಿ ಮಳೆಗಾಲದ ಮೋಡ ರಸ್ತೆಗೇ ಇಳಿಯುತ್ತದೆ. ಉದ್ದ ತರಂಗಾಂತರ ಮಂಜನ್ನು ತೂರಿಕೊಂಡು ಹೋಗುತ್ತದೆ, ಅದಕ್ಕೆ 1550ರ ದುಬಾರಿ ಡಯೋಡ್ ಬೇಕು ಅಂತ ಹಲವರು ಅಂದುಕೊಂಡಿರುತ್ತಾರೆ. ತೆಳು ಧೂಳು, ಹೊಗೆಗೆ ಆ ಮಾತು ಸ್ವಲ್ಪ ಮಟ್ಟಿಗೆ ನಿಜ. ದಟ್ಟ ಮಂಜಿಗೆ ಅಲ್ಲ. ಮಂಜಿನ ಹನಿಗಳು ಹಲವು ಮೈಕ್ರಾನ್ ಗಾತ್ರದವು, ಎರಡೂ ತರಂಗಾಂತರಗಳಿಗಿಂತ ದೊಡ್ಡವು. ಹಾಗಾಗಿ 850 ಮತ್ತು 1550 ಎರಡನ್ನೂ ಅವು ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. 850ರ ಎಲ್‌ಇಡಿ, ಚದುರಿದ ಬೆಳಕು ಬೀಳುವಂತೆ ಕೋನದಲ್ಲಿಟ್ಟ ಸಿಲಿಕಾನ್ ಡಯೋಡ್, ಇಷ್ಟು ಸಾಕು. ಎಲ್‌ಇಡಿಯನ್ನು ಕೆಲವು ಕಿಲೋಹರ್ಟ್ಸ್‌ನಲ್ಲಿ ಮಿಟುಕಿಸಿ, ಆ ಲಯದ ಸಿಗ್ನಲ್ ಮಾತ್ರ ಹೆಕ್ಕಿಕೊಳ್ಳಿ. ಹಗಲ ಬೆಳಕಿನ ತೊಂದರೆ ತಪ್ಪುತ್ತದೆ. ಎಲ್‌ಡಿಆರ್‌ನಿಂದ ಇದು ಆಗದು, ಮಿಟುಕುವ ವೇಗವನ್ನು ಅದು ಹಿಂಬಾಲಿಸಲಾರದು.

ಇಲ್ಲಿ ಬ್ಯಾಂಡಿಗೆ ಸಂಬಂಧವಿಲ್ಲದ ಒಂದು ಮಾತನ್ನೂ ಹೇಳಬೇಕು. ಜುಲೈ ತಿಂಗಳ ತೇವದಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲ್ಮೈಯಲ್ಲೇ ಕರೆಂಟ್ ಸೋರುತ್ತದೆ. ಆ ಸೋರಿಕೆ ಒಳ್ಳೆಯ ಸಿಲಿಕಾನ್ ಡಯೋಡಿನ ಡಾರ್ಕ್ ಕರೆಂಟಿಗಿಂತ ಜಾಸ್ತಿ ಆಗಬಹುದು. ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬೋರ್ಡಿಗೆ ಲೇಪನ ಹಚ್ಚಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಇದನ್ನು ಬಿಟ್ಟು ದುಬಾರಿ ಡಯೋಡ್ ಹಾಕಿದರೆ ಪ್ರಯೋಜನ ಇಲ್ಲ.

ಎಲೆ ನೋಡುವವರಿಗೂ ಸಿಲಿಕಾನೇ. ಆರೋಗ್ಯವಾಗಿರುವ ಅಡಿಕೆ ಸೋಗೆ 660ರ ಕೆಂಪನ್ನು ನುಂಗುತ್ತದೆ, 850ರ ಬೆಳಕನ್ನು ಬಹಳಷ್ಟು ವಾಪಸ್ ಕಳಿಸುತ್ತದೆ. ಎರಡರ ವ್ಯತ್ಯಾಸದಿಂದ ಎಲೆಯ ಹಸಿರು ಎಷ್ಟು ಅಂತ ಅಂದಾಜು ಸಿಗುತ್ತದೆ. ಎಲೆಚುಕ್ಕೆ ರೋಗ ಬಂದರೂ ಈ ಸಂಖ್ಯೆ ಇಳಿಯುತ್ತದೆ, ಗೊಬ್ಬರ ಕಡಿಮೆಯಾದರೂ ಇಳಿಯುತ್ತದೆ. ಯಾವುದು ಅಂತ ಡಯೋಡ್ ಹೇಳುವುದಿಲ್ಲ, ಮರದ ಹತ್ತಿರ ಹೋಗಿಯೇ ನೋಡಬೇಕು.

ದುಡ್ಡೇ ಇಲ್ಲದವರಿಗೆ ಒಂದು ದಾರಿ: ಎಲ್‌ಇಡಿಯನ್ನೇ ಸೆನ್ಸರ್ ಮಾಡಿ. ಅದೂ ಒಂದು ಡಯೋಡ್ ತಾನೇ. ಕೆಂಪು ಎಲ್‌ಇಡಿ ತಾನು ಕೊಡುವ ಬೆಳಕಿಗಿಂತ ಸ್ವಲ್ಪ ಚಿಕ್ಕ ತರಂಗಾಂತರದ ಬೆಳಕಿಗೆ ಸ್ಪಂದಿಸುತ್ತದೆ. ಅದರ ಗ್ಯಾಪೇ ಫಿಲ್ಟರ್ ಆಗಿ ಕೆಲಸ ಮಾಡುತ್ತದೆ. ಅಮೆರಿಕದ ಹವ್ಯಾಸಿ ವಿಜ್ಞಾನಿ ಫಾರೆಸ್ಟ್ ಮಿಮ್ಸ್ ಹೀಗೆ ಎಲ್‌ಇಡಿ ಬಳಸಿ ಬಿಸಿಲಿನ ಮಬ್ಬು ಅಳೆಯುವ ಉಪಕರಣ ಮಾಡಿ ತೋರಿಸಿದರು. ಹೈಸ್ಕೂಲ್ ಮಕ್ಕಳಿಗೆ ಬ್ಯಾಂಡ್ ಗ್ಯಾಪ್ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಕೆಂಪು ಎಲ್‌ಇಡಿಗೆ ಹಸಿರು ಬೆಳಕು ಬಿಡಿ, ಮಲ್ಟಿಮೀಟರ್ ಮುಳ್ಳು ಏಳುತ್ತದೆ. ಹಸಿರು ಎಲ್‌ಇಡಿಗೆ ಕೆಂಪು ಬಿಡಿ, ಏಳುವುದಿಲ್ಲ.

ಫೈಬರ್: ಜರ್ಮೇನಿಯಂ ಬೇಕಾ, ಇನ್‌ಗ್ಯಾಸ್ ಬೇಕಾ?

ಮನೆಗೆ ಬರುವ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಪದ್ಧತಿ) ಫೈಬರ್‌ನಲ್ಲಿ ಕೆಳಗೆ ಬರುವ ಡೇಟಾ 1490 ನ್ಯಾನೋಮೀಟರ್‌ನಲ್ಲಿ, ಮೇಲೆ ಹೋಗುವುದು 1310ರಲ್ಲಿ. ಶಕ್ತಿ 0.83 ಮತ್ತು 0.95 ಇವಿ. ಸಿಲಿಕಾನ್‌ನ 1.12 ಇವಿ ದಾಟಲು ಎರಡಕ್ಕೂ ತಾಕತ್ತಿಲ್ಲ. ಎಷ್ಟು ಆಂಪ್ಲಿಫೈ ಮಾಡಿದರೂ ಸಿಲಿಕಾನ್ ಇಲ್ಲಿ ಕುರುಡು. ಲೈನ್‌ಮನ್ ತುಂಡಾದ ಜಾಗ ಹುಡುಕಲು ಬಿಡುವ 650ರ ಕೆಂಪು ಬೆಳಕು ಮಾತ್ರ ಅದಕ್ಕೆ ಕಾಣುತ್ತದೆ. ಒಂದು ಎಚ್ಚರಿಕೆ: ಡೇಟಾದ ಬೆಳಕು ನಮ್ಮ ಕಣ್ಣಿಗೂ ಕಾಣುವುದಿಲ್ಲ. ಕಾಣದು ಅಂತ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ.

ಉಳಿದ ಆಯ್ಕೆ ಎರಡು. ಜರ್ಮೇನಿಯಂ ಹಳೆಯದು. ಅದರ ಬ್ಯಾಂಡ್ ಚಿತ್ರ ನನಗೆ ಬಹಳ ಇಷ್ಟ. ಕೆಳಗಿನ ಗ್ಯಾಪ್ 0.66 ಇವಿ, ಇನ್‌ಡೈರೆಕ್ಟ್, ಇ-ಕೆ ಚಿತ್ರದ ಇನ್ನೊಂದು ಅಂಚಾದ ಎಲ್ ಬಿಂದುವಿನಲ್ಲಿ. ಆದರೆ ಅದಕ್ಕಿಂತ ಸ್ವಲ್ಪವೇ ಮೇಲೆ, 0.80 ಇವಿಯಲ್ಲಿ, ನೇರ ಗ್ಯಾಪ್ ಕೂಡ ಇದೆ. ಆದ್ದರಿಂದ 0.80ಕ್ಕಿಂತ ಜಾಸ್ತಿ ಶಕ್ತಿಯ ಬೆಳಕನ್ನು ಡೈರೆಕ್ಟ್ ವಸ್ತುವಿನಂತೆ ಗಬಕ್ಕನೆ ನುಂಗುತ್ತದೆ, ಅದರ ಕೆಳಗೆ ಹೋದಂತೆ ಮಂಕಾಗುತ್ತದೆ. 1490 ಮತ್ತು 1310 ಆರಾಮ. 1550 ಅಂದರೆ ಸರಿಯಾಗಿ 0.80, ಹೊಸ್ತಿಲ ಮೇಲೇ ನಿಂತ ಹಾಗಾಯಿತು. ಚಳಿಯಲ್ಲಿ ಗ್ಯಾಪ್ ಸ್ವಲ್ಪ ಹಿಗ್ಗುತ್ತದೆ, ಆಗ 1550ರ ಓದು ಇಳಿಯುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಅಳತೆ ಬದಲಾದರೆ ಲೈನನ್ನು ಬೈಯುವ ಮೊದಲು ಡಯೋಡ್ ಯಾವುದು ನೋಡಿ.

ಇನ್‌ಗ್ಯಾಸ್ ಅಂದರೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್. ಇಂಡಿಯಂ 53, ಗ್ಯಾಲಿಯಂ 47ರ ಪಾಲಿನಲ್ಲಿ ಬೆರೆಸಿದರೆ ಅದರ ಪರಮಾಣುಗಳ ನಡುವಿನ ಅಳತೆ ಅದನ್ನು ಬೆಳೆಸುವ ಇಂಡಿಯಂ ಫಾಸ್ಫೈಡ್ ಬಿಲ್ಲೆಗೆ (ವೇಫರ್) ಸರಿಯಾಗಿ ಹೊಂದುತ್ತದೆ. ಬಿರುಕು, ದೋಷ ಇಲ್ಲದೆ ಬೆಳೆಯುತ್ತದೆ. ಗ್ಯಾಪ್ 0.74 ಇವಿಯ ಸುತ್ತ, ಡೈರೆಕ್ಟ್. ಗಡಿ ಸುಮಾರು 1700 ನ್ಯಾನೋಮೀಟರ್. ಫೈಬರ್‌ನ ಮೂರೂ ತರಂಗಾಂತರ ಒಳಗೇ ಬರುತ್ತವೆ, ಗ್ಯಾಪ್ ಅನಗತ್ಯವಾಗಿ ಸಣ್ಣದೂ ಅಲ್ಲ. ಗ್ಯಾಪ್ ಹೇಗಿರಬೇಕು ಅಂತ ಮೊದಲೇ ಹೇಳಿದೆನಲ್ಲ, ಅದಕ್ಕೆ ಇಷ್ಟು ಚೆನ್ನಾಗಿ ಹೊಂದುವ ವಸ್ತು ಇನ್ನೊಂದಿಲ್ಲ.

ಸಂಖ್ಯೆಯಲ್ಲಿ ನೋಡೋಣ. ಮನೆಯ ಮೋಡೆಮ್‌ಗೆ ಬರುವ ಬೆಳಕು ಮೈನಸ್ 27 ಡಿಬಿಎಂವರೆಗೆ ಇಳಿಯಬಹುದು. ಅಂದರೆ ಸುಮಾರು 2 ಮೈಕ್ರೋವಾಟ್. ಅದರಿಂದ ಹುಟ್ಟುವ ಕರೆಂಟ್ 2 ಮೈಕ್ರೋ ಆಂಪಿಯರ್‌ಗೂ ಸ್ವಲ್ಪ ಕಡಿಮೆ. ಬಯಾಸ್, ಅಂದರೆ ಹೊರಗಿನಿಂದ ಉಲ್ಟಾ ವೋಲ್ಟೇಜ್ ಕೊಟ್ಟ ಜರ್ಮೇನಿಯಂ ಡಯೋಡಿನ ಡಾರ್ಕ್ ಕರೆಂಟೇ ಮೈಕ್ರೋ ಆಂಪಿಯರ್ ಲೆಕ್ಕದಲ್ಲಿರುತ್ತದೆ. ಸಣ್ಣ ಇನ್‌ಗ್ಯಾಸ್ ಡಯೋಡಿನದ್ದು ನ್ಯಾನೋ ಆಂಪಿಯರ್ ಆಸುಪಾಸು. ಡೇಟಾ ಓದಬೇಕಾದರೆ ಇನ್‌ಗ್ಯಾಸ್ ಬಿಟ್ಟು ಬೇರೆ ಯೋಚನೆ ಬೇಡ. ಬರೀ ಪವರ್ ಮೀಟರ್ ಆದರೆ ಬಯಾಸ್ ಕೊಡದೆ, ಶೂನ್ಯ ವೋಲ್ಟ್‌ನಲ್ಲಿ ಜರ್ಮೇನಿಯಂ ನಡೆಸಬಹುದು. ಆಗ ಡಾರ್ಕ್ ಕರೆಂಟ್ ಬಹಳ ತಗ್ಗುತ್ತದೆ, ದೊಡ್ಡ ಮುಖದ ಡಯೋಡ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಇನ್‌ಗ್ಯಾಸ್‌ನಲ್ಲಿ ದೊಡ್ಡ ಮುಖ ಬೇಕೆಂದರೆ ಬೆಲೆ ಸಾವಿರಗಳಲ್ಲಿ ಏರುತ್ತದೆ.

ಅಡಿಕೆಯ ತೇವ

ಇದು ನಮ್ಮ ಊರಿನ ಪ್ರಶ್ನೆ, ಸ್ವಲ್ಪ ನಿಂತು ಮಾತಾಡಬೇಕು. ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಬಣ್ಣದ ರಸ) ಹಾಕಿ ಒಣಗಿಸಿದ ಅಡಿಕೆ ಎಷ್ಟು ಒಣಗಿದೆ ಅಂತ ಅನುಭವಿಗಳು ಕೈಯಲ್ಲಿ ಅಲ್ಲಾಡಿಸಿ, ಕಚ್ಚಿ ಹೇಳುತ್ತಾರೆ. ಅದನ್ನು ಬೆಳಕಿನಿಂದ ಹೇಳಬಹುದಾ?

ನೀರು ಅವಕೆಂಪು ಬೆಳಕನ್ನು ಕೆಲವು ಜಾಗದಲ್ಲಿ ಹೀರುತ್ತದೆ: 970ರಲ್ಲಿ ಮೆಲ್ಲಗೆ, 1450ರಲ್ಲಿ ಜೋರಾಗಿ, 1940ರಲ್ಲಿ ಇನ್ನೂ ಜೋರಾಗಿ. ಕಣ್ಣಿಗೆ ಕಾಣುವ ಬೆಳಕಿನ ಸೆನ್ಸರ್ ಇಟ್ಟರೆ ಅದು ಚೊಗರಿನ ಬಣ್ಣ ಹೇಳುತ್ತದೆ, ನೀರನ್ನಲ್ಲ. ಹಾಗಾಗಿ ಎಲ್‌ಡಿಆರ್ ಮತ್ತು ಬಣ್ಣದ ಸೆನ್ಸರ್‌ಗಳು ಇಲ್ಲಿಗೇ ಹೊರಗೆ.

970ಕ್ಕೆ 1.28 ಇವಿ. ಸಿಲಿಕಾನ್ ಹಿಡಿಯುತ್ತದೆ. ಆದರೆ ಇದು ಅದರ ಗಡಿಯ ಹತ್ತಿರ, ಇನ್‌ಡೈರೆಕ್ಟ್ ಆದ್ದರಿಂದ ಹೀರುವಿಕೆ ಮಂದ, ಬಿಸಿಯ ಜೊತೆ ಸ್ವಲ್ಪ ಓಲಾಡುತ್ತದೆ. ಗ್ಯಾಪ್ ಬಿಸಿಯೇರಿದಂತೆ ಕುಗ್ಗುವುದೇ ಕಾರಣ. ನೀರಿನ ಗುರುತೂ ಅಲ್ಲಿ ಮಂದ. ಒಳ್ಳೆಯದೇನೆಂದರೆ ಮಂದವಾಗಿ ಹೀರುವುದರಿಂದಲೇ ಬೆಳಕು ಅಡಿಕೆಯ ಒಳಗೆ ಆಳಕ್ಕೆ ಇಳಿಯುತ್ತದೆ. 1450ಕ್ಕೆ 0.86 ಇವಿ, ಸಿಲಿಕಾನ್‌ನಿಂದ ಆಗದು, ಇನ್‌ಗ್ಯಾಸ್ ಒಳ್ಳೆಯದು. ಸಿಗ್ನಲ್ ಗಟ್ಟಿ, ಆದರೆ ಬೆಳಕು ಸಿಪ್ಪೆಯ ಹತ್ತಿರವೇ ನಿಲ್ಲುತ್ತದೆ. ಹೊರಗೆ ಒಣಗಿ ನಡುವೆ ಹಸಿ ಉಳಿದ ಅಡಿಕೆಯನ್ನು ಅದು "ಒಣಗಿದೆ" ಅಂದುಬಿಡುತ್ತದೆ. ವ್ಯಾಪಾರದಲ್ಲಿ ಜಗಳ ಆಗುವುದು ಅಂಥ ಅಡಿಕೆಗೇ ಅಲ್ವಾ?

ಹಾಗಾಗಿ ನನ್ನ ಆಯ್ಕೆ ಹೀಗಿದೆ. ಇಡೀ ಅಡಿಕೆಯಾದರೆ ಸಿಲಿಕಾನ್‌ನಿಂದ ಶುರು ಮಾಡಿ. 970 ಮತ್ತು ಹೋಲಿಕೆಗೆ 880ರ ಹತ್ತಿರದ ಇನ್ನೊಂದು ಎಲ್‌ಇಡಿ, ಎರಡರ ಅನುಪಾತ ತೆಗೆದುಕೊಳ್ಳಿ. ಆಕಾರ, ದೂರದ ವ್ಯತ್ಯಾಸ ಬಹಳಷ್ಟು ಕಳೆಯುತ್ತದೆ. ಹೋಳು ಅಥವಾ ಪುಡಿಯಾದರೆ ಇನ್‌ಗ್ಯಾಸ್ ಮತ್ತು 1450, ಬೆಲೆಗೆ ತಕ್ಕ ಫಲ ಕೊಡುತ್ತದೆ. ಎರಡರಲ್ಲೂ ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ ತೂಕ ನೋಡಿದ ಅಳತೆಯ ಜೊತೆ ತಾಳೆ ಹಾಕದೆ ಯಾವ ಸಂಖ್ಯೆಯನ್ನೂ ರೈತರ ಮುಂದಿಡಬೇಡಿ. ರಾಶಿ ಇಡಿ ಅನ್ನುವ ಅಡಿಕೆ ಬಗೆಗೆ ಮಾಡಿದ ತಾಳೆ ಬೆಟ್ಟೆ ಅನ್ನುವ ಬಗೆಗೆ ಹೊಂದಬೇಕೆಂದಿಲ್ಲ. ಪ್ರತಿಯೊಂದಕ್ಕೂ ಬೇರೆ ಮಾಡಿ.

1940ಕ್ಕೆ ಹೋಗಬೇಕೆಂದರೆ ಸಾಮಾನ್ಯ ಇನ್‌ಗ್ಯಾಸ್ ಕೂಡ ಕುರುಡು. ಇಂಡಿಯಂ ಪಾಲು ಹೆಚ್ಚಿಸಿದ ವಿಸ್ತರಿತ ಇನ್‌ಗ್ಯಾಸ್ ಇದೆ. ಆದರೆ ಅದು ಬಿಲ್ಲೆಗೆ ಸರಿಯಾಗಿ ಕೂರದೆ ದೋಷಗಳು ಹುಟ್ಟುತ್ತವೆ, ಡಾರ್ಕ್ ಕರೆಂಟ್ ಏರುತ್ತದೆ. ಕಾಲೇಜು ಪ್ರಾಜೆಕ್ಟಿಗೆ ಬೇಡ.

ಇನ್ನೂ ಆಚೆಗೆ: ಶಾಖ ನೋಡುವವರು

ಸೀಸದ ಸಲ್ಫೈಡ್‌ಗೆ 0.41 ಇವಿ, ಸುಮಾರು 3 ಮೈಕ್ರಾನ್‌ವರೆಗೆ ನೋಡುತ್ತದೆ. ಇದರ ಹೆಸರು ಬಂದಾಗ ಜಗದೀಶ ಚಂದ್ರ ಬೋಸ್ ಅವರನ್ನು ನೆನೆಯಲೇಬೇಕು. ಇದೇ ವಸ್ತುವಿನ ಗೆಲೀನಾ ಹರಳು ಬಳಸಿದ ಡಿಟೆಕ್ಟರ್‌ಗೆ 1904ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಬ್ಯಾಂಡ್‌ಗಳಿಂದ ಅರೆವಾಹಕವನ್ನು ವಿವರಿಸುವ ಅಲನ್ ವಿಲ್ಸನ್ ಅವರ ಸಿದ್ಧಾಂತ ಬಂದದ್ದು 1931ರಲ್ಲಿ. ಅಂದರೆ ಕಾರಣ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಹರಳು ಕೆಲಸ ಮಾಡುತ್ತಿತ್ತು.

ಬೆಂಕಿಯ ಜ್ವಾಲೆಯಲ್ಲಿ ಬಿಸಿ ಕಾರ್ಬನ್ ಡೈಆಕ್ಸೈಡ್ 4.3 ಮೈಕ್ರಾನ್ ಹತ್ತಿರ ಹೊಳೆಯುತ್ತದೆ. ಅಲ್ಲಿಗೆ ಇಂಡಿಯಂ ಆಂಟಿಮೊನೈಡ್ ಹೊಂದುತ್ತದೆ. ಕೋಣೆಯ ಬಿಸಿಯಲ್ಲಿ ಅದರ ಗ್ಯಾಪ್ 0.17 ಇವಿ, ಡಾರ್ಕ್ ಕರೆಂಟ್ ಪ್ರವಾಹದಂತೆ ಹರಿಯುತ್ತದೆ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿಟ್ಟರೆ ಗ್ಯಾಪ್ 0.23ಕ್ಕೆ ಹಿಗ್ಗುತ್ತದೆ, ಗದ್ದಲ ಅಡಗುತ್ತದೆ, 5.5 ಮೈಕ್ರಾನ್‌ವರೆಗೆ ಚೆನ್ನಾಗಿ ನೋಡುತ್ತದೆ. ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವ ಕ್ಯಾನ್‌ನಲ್ಲಿರುವುದೂ ಇದೇ ದ್ರವ. ಆದರೆ ಕಾಡಂಚಿನಲ್ಲಿ ಸೆನ್ಸರ್‌ಗೆ ಅದನ್ನು ತುಂಬಿಸುತ್ತಾ ಕೂರಲು ಆಗದು. ಪಾದರಸ, ಕ್ಯಾಡ್ಮಿಯಂ, ಟೆಲ್ಯುರಿಯಂ ಸೇರಿದ ಎಂಸಿಟಿ ಇನ್ನೂ ವಿಶೇಷ. 1959ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಪಾಲು ಬದಲಿಸಿದಂತೆ ಗ್ಯಾಪ್ ಸೊನ್ನೆಯಿಂದ 1.5 ಇವಿವರೆಗೆ ಬೇಕಾದ ಹಾಗೆ ಬದಲಾಗುತ್ತದೆ. ಉಪಗ್ರಹ ಮತ್ತು ರಕ್ಷಣಾ ಕೆಲಸಕ್ಕೆ ಸರಿ.

ತೋಟಕ್ಕೆ ಬರುವ ಆನೆ, ಕಾಡುಹಂದಿ ಪತ್ತೆ ಮಾಡಲು 0.13 ಇವಿಯ ಫೋಟಾನ್ ಹಿಡಿಯುವ ಅರೆವಾಹಕ ಹುಡುಕುವುದು ತಪ್ಪು ದಾರಿ. ಅಷ್ಟು ಸಣ್ಣ ಗ್ಯಾಪ್ ಎಂದರೆ ತಂಪಿಲ್ಲದೆ ನಡೆಯದು. ಪಿಐಆರ್ ಸೆನ್ಸರ್ ಅಥವಾ ಮೈಕ್ರೋಬೋಲೋಮೀಟರ್ ಕ್ಯಾಮೆರಾ ಬಳಸಿ. ಅವು ಫೋಟಾನ್ ಎಣಿಸುವುದಿಲ್ಲ, ಬೆಳಕು ಬಿದ್ದು ತಮಗಾದ ಬಿಸಿಯನ್ನು ನೋಡುತ್ತವೆ. ಬ್ಯಾಂಡ್ ಗ್ಯಾಪ್ ಲೆಕ್ಕ ಅಲ್ಲಿಗೆ ಅನ್ವಯಿಸುವುದೇ ಇಲ್ಲ.

ಈಚೆ ತುದಿ: ಅಲ್ಟ್ರಾವಯೊಲೆಟ್

ಇಲ್ಲಿ ಮಾತು ಚಿಕ್ಕದು. ಗ್ಯಾಲಿಯಂ ನೈಟ್ರೈಡ್ 3.4 ಇವಿ, 365 ನ್ಯಾನೋಮೀಟರ್‌ಗೆ ನಿಲ್ಲುತ್ತದೆ, ಡೈರೆಕ್ಟ್. ಸಿಲಿಕಾನ್ ಕಾರ್ಬೈಡ್ 3.26, ಇನ್‌ಡೈರೆಕ್ಟ್. ಎರಡೂ ಕಣ್ಣಿಗೆ ಕಾಣುವ ಬೆಳಕಿಗೆ ಕುರುಡು. ಅದೇ ಅವುಗಳ ಹೆಚ್ಚುಗಾರಿಕೆ. ಬಿಸಿಲಿನ ಯುವಿ ಅಳೆಯಲು ಗ್ಯಾಲಿಯಂ ನೈಟ್ರೈಡ್ ಸಣ್ಣ ಮಾಡ್ಯೂಲ್ ಸಾಕು. ಸಿಲಿಕಾನ್ ಮೇಲೆ ಫಿಲ್ಟರ್ ಹಾಕಿಯೂ ಮಾಡಬಹುದು. ಆದರೆ ಫಿಲ್ಟರ್ ಸ್ವಲ್ಪ ಸೋರಿದರೂ ಬಿಸಿಲಿನ ಉಳಿದ ಬೆಳಕೆಲ್ಲ ಒಳಗೆ ನುಗ್ಗುತ್ತದೆ, ಅಳತೆ ಹಾಳಾಗುತ್ತದೆ.

ಡೇಟಾಶೀಟ್ ಕೈಗೆ ಬಂದಾಗ

ಮೊದಲು ತರಂಗಾಂತರದ ಗ್ರಾಫ್ ತೆಗೆಯಿರಿ. ನಿಮ್ಮ ಬೆಳಕು ಗೆರೆಯ ಬೀಳುವ ಇಳಿಜಾರಿನಲ್ಲಿದ್ದರೆ ಬಿಸಿಯ ಜೊತೆ ಓದು ಅಲುಗಾಡುತ್ತದೆ. ಶಿಖರದ ಎಡಕ್ಕಿರುವಂತೆ ವಸ್ತು ಆರಿಸಿ. ಆಮೇಲೆ ಡಾರ್ಕ್ ಕರೆಂಟ್. ಅದನ್ನು ಯಾವ ವೋಲ್ಟ್‌ನಲ್ಲಿ, ಯಾವ ಬಿಸಿಯಲ್ಲಿ ಅಳೆದಿದ್ದಾರೆ ಅಂತ ಓದಿ. ಒಂದು ಕಂಪನಿ 10 ವೋಲ್ಟ್‌ನಲ್ಲಿ, ಇನ್ನೊಂದು 10 ಮಿಲಿವೋಲ್ಟ್‌ನಲ್ಲಿ ಅಳೆದದ್ದನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಮುಖದ ವಿಸ್ತೀರ್ಣವನ್ನೂ ನೋಡಿ. ಡಾರ್ಕ್ ಕರೆಂಟ್ ವಿಸ್ತೀರ್ಣದ ಜೊತೆ ಬೆಳೆಯುವುದರಿಂದ, ಸಣ್ಣ ಡಯೋಡಿನ ಒಳ್ಳೆಯ ಸಂಖ್ಯೆ ಒಳ್ಳೆಯ ವಸ್ತುವಿನಿಂದಲೇ ಬಂದಿರಬೇಕಿಲ್ಲ. ಎರಡನ್ನೂ ಒಂದು ಚದರ ಮಿಲಿಮೀಟರ್‌ಗೆ ಇಳಿಸಿ, ಆಮೇಲೆ ಆರ್ಡರ್ ಹಾಕಿ.